ನಂಬಿಕೆಗೊಂದು ಬಾಂದುಕಲ್ಲು

ಸ್ಕಂದಗಿರಿಯ ನೆತ್ತಿಯಲ್ಲಿ ಚಳಿಗಾಲದ ಬೆಳಗು ಮೂಡುವಾಗ ಯಾರಾದರೊಬ್ಬರ ಬಾಯಲ್ಲಿ ಈ ಮಾತು ಬಂದೇ ಬರುತ್ತದೆ: “ಇದೆಲ್ಲಾ ತಾನಾಗಿ ತಾನೇ ಆಯ್ತು ಅಂದ್ರೆ ನಂಬೋಕಾಗತ್ತಾ?” ಹೇಳುವವರು ಟಾರ್ಚ್ ಹಿಡಿದು ಹತ್ತಿಬಂದ ಬೆಂಗಳೂರಿನ ಕಂಪ್ಯೂಟರ್ ಕೆಲಸದ ಹುಡುಗರಾಗಿರಬಹುದು, ಬೆಟ್ಟದ ಮೇಲಿನ ಹಳೆಯ ಶಿವನ ಗುಡಿಗೆ ಕೈಮುಗಿಯಲು ಬಂದ ಸುತ್ತಲಿನ ಊರಿನವರಾಗಿರಬಹುದು. ಊರಿನವರಿಗೆ ಇದು ಕಳವಾರ ದುರ್ಗ. ಪಾಳುಬಿದ್ದ ಕೋಟೆಗೋಡೆಗೆ ಒರಗಿ ನಿಂತರೆ ಕೆಳಗೆ ಚಿಕ್ಕಬಳ್ಳಾಪುರದ ಪೇಟೆ ಇಲ್ಲ, ಹೆದ್ದಾರಿ ಇಲ್ಲ, ದ್ರಾಕ್ಷಿ ಚಪ್ಪರಗಳಿಲ್ಲ. ಕಣ್ಣು ಹರಿಯುವಷ್ಟು ದೂರ ಬಿಳಿ ಮೋಡ, ಅದರಾಚೆ ನಂದಿಬೆಟ್ಟದ ಬೆನ್ನು. ಆ ಹೊತ್ತಿಗೆ ಆ ಮಾತು ಸಹಜ.

ಸಹಜವಾದ ಮಾತೆಲ್ಲ ಸರಿಯಾದ ಮಾತು ಆಗಲೇಬೇಕೆಂದಿಲ್ಲ. ಅದರೊಳಗೆ ಎರಡು ಸಂಗತಿ ಸೇರಿಕೊಂಡಿವೆ. ಒಂದು ಬೆರಗು, ಇನ್ನೊಂದು, ಆ ಬೆರಗಿನ ಬೆನ್ನೇರಿ ಬಂದ ತೀರ್ಮಾನ. ಬೆರಗಿಗೆ ಯಾರೂ ಪುರಾವೆ ಕೇಳುವುದಿಲ್ಲ. ‘ಇದನ್ನು ಯಾರೋ ಮಾಡಿರಲೇಬೇಕು’ ಎಂಬ ತೀರ್ಮಾನಕ್ಕೆ ಮಾತ್ರ ಕೇಳಬೇಕಾಗುತ್ತದೆ. ದೇವರನ್ನು, ಸೃಷ್ಟಿಕರ್ತನನ್ನು ನಂಬುವುದು ವಿವೇಕವೇ ಎಂಬ ಹಳೆಯ ಪ್ರಶ್ನೆ ಎದ್ದು ನಿಲ್ಲುವುದು ಇವೆರಡರ ನಡುವಿನ ಸಂದಿಯಲ್ಲಿ.

ಮೊದಲು ಕಣ್ಣೆದುರಿನ ಮೋಡದ ಲೆಕ್ಕ ನೋಡೋಣ. ಆಕಾಶ ತಿಳಿಯಾಗಿ, ಗಾಳಿ ಸ್ತಬ್ಧವಾಗಿರುವ ಚಳಿಗಾಲದ ರಾತ್ರಿ ನೆಲ ತನ್ನ ಕಾವನ್ನೆಲ್ಲ ಬಾನಿಗೆ ಬಿಟ್ಟು ಬೇಗ ತಣ್ಣಗಾಗುತ್ತದೆ. ಅದನ್ನು ಮುಟ್ಟಿದ ಗಾಳಿಯೂ ತಣಿದು, ಭಾರವಾಗಿ, ತಗ್ಗಿಗೆ ಇಳಿದು ಕೂರುತ್ತದೆ. ಕೆರೆಗಳ ಮೇಲಿನ ತೇವ, ತೋಟಗಳ ತೇವ ಆ ತಂಪಿಗೆ ಹನಿಗಟ್ಟುತ್ತದೆ. ಮೇಲಿನ ಗಾಳಿ ಇದಕ್ಕಿಂತ ಬೆಚ್ಚಗಿರುವುದರಿಂದ ಮಂಜು ಮೇಲೇಳಲಾರದೆ ಕಣಿವೆಯಲ್ಲೇ ಸಿಕ್ಕಿಬೀಳುತ್ತದೆ. ಬೆಟ್ಟದ ತಲೆ ಮಾತ್ರ ಹೊರಗೆ ಉಳಿಯುತ್ತದೆ. ಬಿಸಿಲು ಬಲಿತು ನೆಲ ಕಾದೊಡನೆ ಎಲ್ಲ ಕರಗಿಹೋಗುತ್ತದೆ. ಇನ್ನು ಕಾಲಡಿಯ ಬಂಡೆ: ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಕರಗಿದ್ದ ಶಿಲೆ ನಿಧಾನವಾಗಿ ಆರಿ ಗ್ರಾನೈಟ್ ಆಯಿತು, ಮೇಲಿನ ಪದರಗಳು ಮಳೆಗಾಳಿಗೆ ಸವೆದು ಹೋದಂತೆ ಭಾರ ಇಳಿದು, ಈರುಳ್ಳಿ ಸಿಪ್ಪೆಯಂತೆ ಬಿರಿದು, ಇಂದಿನ ಬೋಳು ಗುಮ್ಮಟವಾಯಿತು. ಇಲ್ಲಿ ಎಲ್ಲಿಯೂ ಒಂದು ಕೈ ಬಂದು ಕೆಲಸ ಮಾಡಿದ ಗುರುತಿಲ್ಲ. ಕಾವು, ತೇವ, ಭಾರ, ಕಾಲ – ಇಷ್ಟೇ ಸಾಕು.

ನಂಬುವವರು ಇಷ್ಟಕ್ಕೆ ಸುಮ್ಮನಾಗುವುದಿಲ್ಲ, ಸುಮ್ಮನಾಗಬೇಕಾಗಿಯೂ ಇಲ್ಲ. “ಸರಿ, ಕಾವು ತೇವಗಳು ಹೀಗೆಯೇ ನಡೆಯಬೇಕೆಂಬ ನಿಯಮವನ್ನು ಇಟ್ಟವರಾರು?” ಎಂದು ಕೇಳುತ್ತಾರೆ. ಈ ಪ್ರಶ್ನೆ ಸಣ್ಣದಲ್ಲ, ಹೊಸದೂ ಅಲ್ಲ. ಸಾವಿರ ವರ್ಷದ ಹಿಂದೆ ಮಿಥಿಲೆಯ ಉದಯನಾಚಾರ್ಯ ‘ನ್ಯಾಯಕುಸುಮಾಂಜಲಿ’ಯಲ್ಲಿ ಈಶ್ವರನಿದ್ದಾನೆಂದು ಸಾಧಿಸಲು ಹೊರಟಾಗ ನ್ಯಾಯದರ್ಶನದ ಪಂಡಿತರ ಹಳೆಯ ವಾದವನ್ನೇ ಹರಿತಗೊಳಿಸಿದ: ಮಡಕೆಯಿದ್ದರೆ ಕುಂಬಾರನಿರಬೇಕು, ಜಗತ್ತೂ ಒಂದು ಕಾರ್ಯ, ಅದಕ್ಕೂ ಕರ್ತೃ ಇರಲೇಬೇಕು. ಬೆಟ್ಟದ ಮೇಲೆ ನಿಂತ ಹುಡುಗ ತನಗೇ ಗೊತ್ತಿಲ್ಲದೆ ಉದಯನನ ವಾದವನ್ನು ಆಡುಮಾತಿನಲ್ಲಿ ಹೇಳುತ್ತಿರುತ್ತಾನೆ.

ಉದಯನನಿಗೂ ಮುಂಚೆಯೇ ಈ ವಾದಕ್ಕೆ ಪೆಟ್ಟು ಬಿದ್ದಿತ್ತು, ಅದೂ ನಾಸ್ತಿಕರೆನಿಸಿಕೊಂಡವರಿಂದ ಮಾತ್ರವಲ್ಲ. ವೇದವನ್ನೇ ಪ್ರಮಾಣವೆಂದು ನಂಬಿದ ಮೀಮಾಂಸಕ ಕುಮಾರಿಲಭಟ್ಟ ಏಳನೆಯ ಶತಮಾನದಲ್ಲೇ ಸೃಷ್ಟಿಕರ್ತನನ್ನು ಒಪ್ಪಲಿಲ್ಲ: ಶರೀರವಿಲ್ಲದವನು ಮಾಡಿದ್ದು ಹೇಗೆ, ಕರುಣೆಯಿಂದ ಮಾಡಿದ್ದಾದರೆ ಇಷ್ಟು ದುಃಖವೇಕೆ ಎಂದು ಕೇಳಿದ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಗುರುವಾಗಿದ್ದ ಜೈನ ಮುನಿ ಜಿನಸೇನಾಚಾರ್ಯ ಸಂಸ್ಕೃತದಲ್ಲಿ ಬರೆದ ಆದಿಪುರಾಣದಲ್ಲಿ ಇನ್ನೂ ನೇರವಾಗಿ ಕೆಣಕಿದ: ಜಗತ್ತು ಇಲ್ಲದಿದ್ದಾಗ ಮಾಡುವವನು ಎಲ್ಲಿ ನಿಂತಿದ್ದ? ಸಾಮಗ್ರಿ ಎಲ್ಲಿತ್ತು? ಪರಿಪೂರ್ಣನಾದವನಿಗೆ ಮಾಡಬೇಕೆಂಬ ಆಸೆ ಹುಟ್ಟಿದ್ದಾದರೂ ಏಕೆ? ಅವನನ್ನು ಯಾರೂ ಮಾಡಲಿಲ್ಲ ಎನ್ನುವುದಾದರೆ ಜಗತ್ತನ್ನೂ ಯಾರೂ ಮಾಡಲಿಲ್ಲ ಎನ್ನಲು ಅಡ್ಡಿಯೇನು? ಕಾರ್ಲ್ ಸೇಗನ್ 1980ರಲ್ಲಿ ತನ್ನ ‘ಕಾಸ್ಮೋಸ್’ ಪುಸ್ತಕದಲ್ಲಿ ಜಿನಸೇನನ ಈ ಮಾತುಗಳನ್ನು ಉದ್ಧರಿಸಿ ಜಗತ್ತಿಗೆಲ್ಲ ಪರಿಚಯಿಸಿದ. ನಮಗೆ ಆ ಪರಿಚಯ ಬೇಕಿರಲಿಲ್ಲ. ಜಿನಸೇನ ಹೇಳಿದ ಆದಿನಾಥನ ಕಥೆಯನ್ನೇ ಪಂಪ 941ರಲ್ಲಿ ಕನ್ನಡಕ್ಕೆ ತಂದ. ನಾವು ಆದಿಕವಿ ಎನ್ನುವವನು ಸೃಷ್ಟಿಕರ್ತನನ್ನು ಒಪ್ಪದ ಮತದವನು. ಕನ್ನಡದ ಮೊದಲ ಮಹಾಕಾವ್ಯ ಹುಟ್ಟಿದ್ದು ಆ ಮತದ ಮಡಿಲಲ್ಲಿ. ‘ದೇವರಿಲ್ಲ ಎನ್ನುವುದು ಪರದೇಶದಿಂದ ಬಂದ ಚಾಳಿ’ ಎಂದು ವೇದಿಕೆಯ ಮೇಲೆ ಗುಡುಗುವವರು ಇದನ್ನೊಮ್ಮೆ ನೆನೆಯುವುದು ಒಳ್ಳೆಯದು.

ಜಿನಸೇನನ ಕಾಲದಲ್ಲೇ ನಂದಿ ಗ್ರಾಮದಲ್ಲಿ ಶಿವನ ಗುಡಿಗೆ ರಾಜರು ದತ್ತಿ ಬಿಡುತ್ತಿದ್ದರು. ಇಂದು ಭೋಗನಂದೀಶ್ವರನ ಗುಡಿಯಾಗಿ ನಿಂತಿರುವುದರ ಬೇರು ನೊಳಂಬರ ಆ ಕಾಲದಲ್ಲಿದೆ. ಒಂದೇ ನಾಡಿನಲ್ಲಿ, ಒಂದೇ ಶತಮಾನದಲ್ಲಿ, ಕರ್ತೃವನ್ನು ಪೂಜಿಸುವವರೂ ಕರ್ತೃವೇ ಇಲ್ಲವೆನ್ನುವವರೂ ಇದ್ದರು. ಜಗಳ ಆಡಲಿಲ್ಲವೆಂದಲ್ಲ, ಆಡಿದರು. ಆದರೆ ಎದುರಾಳಿಯ ವಾದವನ್ನು ಪೂರ್ವಪಕ್ಷವಾಗಿ ಸರಿಯಾಗಿ ಬರೆದಿಟ್ಟು, ಆಮೇಲೆ ಉತ್ತರ ಕೊಡುವ ಶಿಸ್ತು ಅವರಿಗಿತ್ತು.

ಜಿನಸೇನನ ಪ್ರಶ್ನೆಗಳ ಮುಂದೆ ಕುಂಬಾರನಂಥ ದೇವರು ನಿಲ್ಲಲಾರ ಎಂದೇ ನನಗೆ ತೋರುತ್ತದೆ. ಹಾಗೆಂದು ಪ್ರಶ್ನೆ ಪೂರ್ತಿ ಮುಗಿಯಿತೆಂದಲ್ಲ. ಜಗತ್ತು ಅನಾದಿ ಎಂದು ಜೈನರು ಹೇಳಿದ್ದೂ ನೋಡಿ ಹೇಳಿದ್ದಲ್ಲ. ಇಂದಿನ ಖಗೋಳ ವಿಜ್ಞಾನ ನಮಗೆ ಕಾಣುವ ವಿಶ್ವದ ವಯಸ್ಸನ್ನು ಸುಮಾರು 1,380 ಕೋಟಿ ವರ್ಷ ಎನ್ನುತ್ತದೆ. ಏನೂ ಇಲ್ಲದಿರುವ ಬದಲು ಏನಾದರೂ ಏಕಿದೆ ಎಂಬುದಕ್ಕೆ ಅದು ಉತ್ತರ ಕೊಟ್ಟಿಲ್ಲ. ಆ ಖಾಲಿ ಜಾಗವನ್ನು ಕಂಡ ಕೂಡಲೇ ಅಲ್ಲಿ ದೇವರನ್ನು ಕೂರಿಸುವ ಆಸೆ ಆಗುತ್ತದೆ. ಇಲ್ಲಿ ಒಬ್ಬನ ನಡೆ ಗಮನಿಸಬೇಕು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಗಣಿತದಿಂದ ತೋರಿಸಿ, ಮುಂದೆ ಮಹಾಸ್ಫೋಟ ಎಂದು ಹೆಸರಾದ ಕಲ್ಪನೆಗೆ ತಳಪಾಯ ಹಾಕಿದ ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್, ವಿಜ್ಞಾನವೇ ಸೃಷ್ಟಿಗೆ ಸಾಕ್ಷಿ ನುಡಿಯುತ್ತಿದೆ ಎಂಬ ಧಾಟಿಯಲ್ಲಿ ಭಾಷಣ ಮಾಡಿದಾಗ ಎಲ್ಲರಿಗಿಂತ ಹೆಚ್ಚು ಕಸಿವಿಸಿಗೊಂಡವನು ಆತನೇ. ತನ್ನ ಸಮೀಕರಣವನ್ನು ತನ್ನ ದೇವರಿಗೆ ಊರುಗೋಲಾಗಿ ಕೊಡಲು ಆತ ಒಪ್ಪಲಿಲ್ಲ. ನಂಬಿಕೆಯನ್ನೂ ಬಿಡಲಿಲ್ಲ.

ನಾನು ಹೇಳಬೇಕಾದದ್ದು ಇಲ್ಲಿಗೆ ಬಂದು ನಿಲ್ಲುತ್ತದೆ. ನಮ್ಮ ಕಡೆ ಜಮೀನಿನ ಮೂಲೆಯಲ್ಲಿ ಸರ್ವೆಯವರು ನೆಟ್ಟ ಬಾಂದುಕಲ್ಲು ಇರುತ್ತದೆ. ಎರಡು ಹಿಡುವಳಿಯೂ ಜಮೀನೇ, ಎರಡಕ್ಕೂ ಬೆಲೆ ಇದೆ. ಕಲ್ಲು ಹೇಳುವುದು ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂಬುದನ್ನಷ್ಟೇ. ತಕರಾರು ಹುಟ್ಟುವುದು ಒಬ್ಬ ಪ್ರತಿ ವರ್ಷ ಉಳುವಾಗ ಒಂದೊಂದು ಸಾಲು ಒಳಗೆ ನೇಗಿಲು ಹಾಯಿಸಿದಾಗ. ತಿಳಿದದ್ದರ ಜಮೀನಿಗೂ ನಂಬಿದ್ದರ ಜಮೀನಿಗೂ ನಡುವೆ ಹೀಗೊಂದು ಕಲ್ಲು ಬೇಕು. ತನ್ನ ಗಡಿ ಎಲ್ಲಿದೆಯೆಂದು ಬಲ್ಲ ನಂಬಿಕೆ ವಿವೇಕದ್ದು. ಕಲ್ಲು ಕಿತ್ತು ಒತ್ತುವರಿ ಮಾಡುವ ನಂಬಿಕೆ, ಅದು ಎಷ್ಟೇ ಭಕ್ತಿಯಿಂದ ಕೂಡಿರಲಿ, ಅವಿವೇಕದ್ದು.

ಈ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಒಂದು ಬೋರ್‌ವೆಲ್ ಕೊರೆಯುವುದನ್ನು ಬದಿಯಲ್ಲಿ ನಿಂತು ನೋಡಿದರೆ ಆ ಕಲ್ಲು ಎಲ್ಲಿರಬೇಕೆಂದು ಸಲೀಸಾಗಿ ತಿಳಿಯುತ್ತದೆ. ಮೊದಲು ‘ಪಾಯಿಂಟ್’ ನೋಡುವವರು ಬರುತ್ತಾರೆ. ಅಂಗೈ ಮೇಲೆ ಜುಟ್ಟಿನ ತೆಂಗಿನಕಾಯಿ ಅಡ್ಡ ಮಲಗಿಸಿಕೊಂಡು ಹೊಲದ ಉದ್ದಗಲ ನಡೆಯುತ್ತಾರೆ. ಒಂದು ಕಡೆ ಕಾಯಿ ತಾನಾಗಿ ಎದ್ದು ನೆಟ್ಟಗೆ ನಿಲ್ಲುತ್ತದೆ. ಅಲ್ಲಿ ಕಲ್ಲಿಟ್ಟು ಗುರುತು ಮಾಡುತ್ತಾರೆ. ಮರುದಿನ ತಮಿಳುನಾಡಿನ ನಂಬರಿನ ರಿಗ್ ಲಾರಿ ಬರುತ್ತದೆ. ಮನೆಯ ಹೆಂಗಸರು ಅರಿಸಿನ ಕುಂಕುಮ ಇಟ್ಟು, ಊದಿನಕಡ್ಡಿ ಹಚ್ಚಿ, ಗಂಗಮ್ಮನಿಗೆ ಕರ್ಪೂರ ಬೆಳಗಿ, ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಆಮೇಲೆ ಡ್ರಿಲ್ ಇಳಿಯುತ್ತದೆ. ಐನೂರು ಅಡಿಗೂ ಬರೀ ಬಿಳಿ ಧೂಳು. ಸಾವಿರ ದಾಟಿದರೂ ಧೂಳು. ರೇಟು ಅಡಿ ಲೆಕ್ಕದಲ್ಲಿ, ಆಳ ಹೋದಂತೆ ಹೆಚ್ಚು. ರೈತನ ಕಣ್ಣು ಬೋರ್ ಬಾಯಿಯ ಧೂಳಿನ ಮೇಲೆ, ಮನಸ್ಸು ಅಡವಿಟ್ಟ ಸರದ ಮೇಲೆ.

ಒಂದೇ ಹೊಲದಲ್ಲಿ ನಡೆದ ಈ ಎರಡು ಕ್ರಿಯೆಗಳನ್ನು ಜನ ‘ನಂಬಿಕೆ’ ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಆದರೆ ಎರಡರ ಜಾತಿಯೇ ಬೇರೆ. ಗಂಗಮ್ಮನ ಪೂಜೆ ಒಂದು ಆಸೆಯನ್ನು, ಒಂದು ಅಂಜಿಕೆಯನ್ನು ಹೇಳಿಕೊಳ್ಳುವ ಬಗೆ. ಇಂಥ ಜಾಗದಲ್ಲಿ ಇಷ್ಟು ಅಡಿಗೆ ನೀರಿದೆ ಎಂದು ಅದು ಎಲ್ಲೂ ಹೇಳುವುದಿಲ್ಲ. ತೆಂಗಿನಕಾಯಿ ಹೇಳುತ್ತದೆ. ಹೇಳಿದ ಮೇಲೆ ಪರೀಕ್ಷೆಗೆ ನಿಲ್ಲಬೇಕು. ಜರ್ಮನಿಯ ಕಾಸೆಲ್‌ನಲ್ಲಿ 1990ರಲ್ಲಿ ಹೀಗೆ ನೀರು ಪತ್ತೆ ಮಾಡುವ ಮೂವತ್ತು ಜನರನ್ನು ಪರೀಕ್ಷಿಸಿದರು: ಹೂತ ಕೊಳವೆಯಲ್ಲಿ ನೀರು ಹರಿಯುತ್ತಿದೆಯೋ ಇಲ್ಲವೋ ಹೇಳಬೇಕು. ಕಣ್ಣುಮುಚ್ಚಿ ನಾಣ್ಯ ಚಿಮ್ಮಿ ಹೇಳಿದ್ದರೂ ಬರುತ್ತಿದ್ದಷ್ಟೇ ಫಲ ಬಂತು. ನಮ್ಮಲ್ಲಿ ಪರೀಕ್ಷೆ ನಡೆಯದೇ ಇರುವುದಕ್ಕೆ ಒಂದು ಜಾಣ ಲೆಕ್ಕ ಇದೆ: ನೀರು ಬಿದ್ದರೆ ಪಾಯಿಂಟ್ ಮಾಡಿದವರ ಕೈಗುಣ, ಬೋರ್ ಫೇಲಾದರೆ ರೈತನ ಹಣೆಬರಹ. ಯಾವ ಫಲಿತಾಂಶ ಬಂದರೂ ಸೋಲದ ನಂಬಿಕೆಯ ನಷ್ಟವನ್ನು ಯಾರೋ ಒಬ್ಬರು ತುಂಬುತ್ತಿರುತ್ತಾರೆ. ಇಲ್ಲಿ ತುಂಬುವವನು ಸಾಲಗಾರ ರೈತ.

ನೀರು ಬಿದ್ದರೂ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಈ ಸೀಮೆಯ ಗ್ರಾನೈಟ್ ಕಲ್ಲಿನ ಖನಿಜಗಳಲ್ಲಿ ಫ್ಲೋರೈಡ್ ಇದೆ. ಆಳದಲ್ಲಿ ಬಹುಕಾಲ ಕಲ್ಲಿಗೆ ಅಂಟಿಕೊಂಡಿದ್ದ ನೀರಿನಲ್ಲಿ ಅದು ಕರಗಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ; ಇನ್ನೂ ಹೆಚ್ಚಾದರೆ ಮೂಳೆ ಗಂಟು ಗಂಟಾಗಿ ಬಾಗುತ್ತದೆ. ಬೆಟ್ಟದ ಮೇಲೆ ನಿಂತು ‘ಇದನ್ನು ಯಾರೋ ಮಾಡಿರಲೇಬೇಕು’ ಎಂದವರ ಕಾಲಡಿಯಲ್ಲೂ ಇರುವುದು ಇದೇ ಕಲ್ಲಿನ ಜಾತಿ. ಸೂರ್ಯೋದಯವನ್ನು ಕರ್ತೃವಿನ ಲೆಕ್ಕಕ್ಕೆ ಬರೆಯುವುದಾದರೆ ಫ್ಲೋರೈಡನ್ನೂ ಅದೇ ಲೆಕ್ಕಕ್ಕೆ ಬರೆಯಬೇಕು. ಸೊಗಸು ದೇವರದು, ವಿಷ ಪ್ರಕೃತಿಯದು ಎಂದು ಭಾಗ ಮಾಡುವುದು ನ್ಯಾಯವಲ್ಲ. ಹಾಗೆಯೇ ಎಲ್ಲವನ್ನೂ ಮೇಲಿನವನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಕಲ್ಲಿನಲ್ಲಿ ಫ್ಲೋರೈಡ್ ಮೊದಲಿಂದಲೂ ಇತ್ತು. ಕೆರೆಗಳಲ್ಲಿ ಹೂಳು ತುಂಬಲು ಬಿಟ್ಟು, ಸಾವಿರ ಅಡಿ ಕೆಳಗಿನ ನೀರಿಗೆ ಕೈಹಾಕಿದವರು ನಾವು.

ಈ ಗಡಿಯನ್ನು ಚೆನ್ನಾಗಿ ಬಲ್ಲವರೊಬ್ಬರು ಇದೇ ಜಿಲ್ಲೆಯಲ್ಲಿ ಹುಟ್ಟಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದವರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳು. 1976ರಲ್ಲಿ ಅವರು ರಚಿಸಿದ ಸಮಿತಿಯ ಹೆಸರಿನಲ್ಲೇ ಅದರ ವ್ಯಾಪ್ತಿ ಇತ್ತು: ಪವಾಡಗಳನ್ನೂ, ಪರೀಕ್ಷೆ ಮಾಡಿ ನೋಡಬಹುದಾದ ಇತರ ಮೂಢನಂಬಿಕೆಗಳನ್ನೂ ಪರಿಶೀಲಿಸುವ ಸಮಿತಿ. ದೇವರಿದ್ದಾನೋ ಇಲ್ಲವೋ ಎಂದು ತೀರ್ಪು ಕೊಡಲು ಆ ಸಮಿತಿ ಹೊರಡಲಿಲ್ಲ. ಪಾಂಡವಪುರದ ಬಾಲಕನೊಬ್ಬನ ಮೈಯಿಂದ ವಿಭೂತಿ ಉದುರುತ್ತದೆ ಎಂದರೆ, ಎಲ್ಲಿಂದ ಉದುರುತ್ತದೆ ಎಂದು ಹೋಗಿ ನೋಡಿತು, ಗುಟ್ಟು ಬಯಲಾಯಿತು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ನರಸಿಂಹಯ್ಯನವರು ಪತ್ರ ಬರೆದು, ಪವಾಡಗಳನ್ನು ಪರೀಕ್ಷೆಗೆ ಒಡ್ಡುವಂತೆ ಕೇಳಿದರು. ಉತ್ತರ ಬರಲಿಲ್ಲ.

ಬಾಬಾ ಅವರ ಹೆಸರಿನ ಸಂಸ್ಥೆಗಳು ಮುಂದೆ ಪಕ್ಕದ, ಅಂದಿನ ಅನಂತಪುರ ಜಿಲ್ಲೆಯ ನೂರಾರು ಹಳ್ಳಿಗಳಿಗೆ ಕುಡಿಯುವ ನೀರು ಕೊಟ್ಟವು, ಬಡವರಿಗೆ ದುಡ್ಡಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದವು. ನಂಬಿಕೆ ಜನರಿಂದ ಇಂಥ ಕೆಲಸ ಮಾಡಿಸಬಲ್ಲದು ಎಂಬುದನ್ನು ಅಲ್ಲಗಳೆಯುವವನಿಗೆ ಕಣ್ಣಿಲ್ಲ. ಆದರೂ ನೀರಿನ ಕೊಳವೆ ವಿಭೂತಿಗೆ ಸಾಕ್ಷಿಯಾಗಲಾರದು. ಒಳ್ಳೆಯ ಕೆಲಸಕ್ಕೆ ಗೌರವ ಸಲ್ಲಬೇಕು. ಆ ಗೌರವವನ್ನು ತೋರಿಸಿ ಇನ್ನೊಂದು ಪ್ರಶ್ನೆಯ ಬಾಯಿ ಮುಚ್ಚಿಸಬಾರದು.

ದೇವರ ಭಯವಿಲ್ಲದಿದ್ದರೆ ಮನುಷ್ಯ ಕೆಡುತ್ತಾನೆ ಎಂಬುದು ನಂಬುವವರ ಇನ್ನೊಂದು ದೊಡ್ಡ ವಾದ. ನರಸಿಂಹಯ್ಯನವರ ಬದುಕು ಅದಕ್ಕೆ ಒಳ್ಳೆಯ ಉತ್ತರ. 1942ರ ಚಳವಳಿಯಲ್ಲಿ ಜೈಲಿಗೆ ಹೋದವರು, ಕೊನೆಯವರೆಗೂ ಖಾದಿ ಉಟ್ಟವರು, ಮದುವೆಯಾಗದೆ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬಾಳು ಕಳೆದವರು. 2005ರಲ್ಲಿ ತೀರಿಕೊಳ್ಳುವವರೆಗೂ ಅವರ ಪ್ರಾಮಾಣಿಕತೆಗೆ ಮೇಲಿನವನ ಪಹರೆ ಬೇಕಾಗಲಿಲ್ಲ. ಅಷ್ಟೇ ಅಲ್ಲ, ಅವರು ಯಾರನ್ನು ಆದರ್ಶವೆಂದುಕೊಂಡಿದ್ದರೋ ಆ ಗಾಂಧಿ ಉಸಿರುಸಿರಿಗೂ ರಾಮನಾಮ ಹೇಳಿದ ಆಸ್ತಿಕ. ಒಬ್ಬರು ನಂಬಿದರು, ಒಬ್ಬರು ನಂಬಲಿಲ್ಲ. ಇಬ್ಬರ ಬಾಳೂ ಹೆಚ್ಚುಕಮ್ಮಿ ಒಂದೇ ದಾರಿಯಲ್ಲಿ ನಡೆಯಿತು.

ಗಾಂಧೀಜಿ ಸ್ಕಂದಗಿರಿಯ ಎದುರಿನ ನಂದಿಬೆಟ್ಟದಲ್ಲಿ 1927ರಲ್ಲಿ ಒಮ್ಮೆ, 1936ರಲ್ಲಿ ಇನ್ನೊಮ್ಮೆ ವಿಶ್ರಾಂತಿಗೆಂದು ತಂಗಿದ್ದರು. ಈ ಎರಡು ತಂಗುವಿಕೆಗಳ ನಡುವೆ, 1934ರ ಜನವರಿ 15ರಂದು, ಬಿಹಾರದಲ್ಲಿ ಭಾರೀ ಭೂಕಂಪವಾಗಿ ಸಾವಿರಾರು ಜನ ಸತ್ತರು. ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು ಗಾಂಧಿ. ರವೀಂದ್ರನಾಥ ಠಾಕೂರರಿಗೆ ಸುಮ್ಮನಿರಲಾಗಲಿಲ್ಲ. ಅಸ್ಪೃಶ್ಯತೆಯ ವಿರುದ್ಧದ ಹೋರಾಟದಲ್ಲಿ ಅವರು ಗಾಂಧಿಯ ಪಕ್ಷದವರೇ. ಆದರೂ, ಭೌತಿಕ ಅನಾಹುತಕ್ಕೆ ಭೌತಿಕ ಕಾರಣವೇ ಇರಬೇಕು, ಇಲ್ಲದಿದ್ದರೆ ನಿಮ್ಮ ವಿರೋಧಿಗಳೂ ಇದು ನಿಮ್ಮ ಪಾಪಕ್ಕೇ ಬಂದ ಶಿಕ್ಷೆ ಎನ್ನಬಹುದಲ್ಲ ಎಂದು ಬರೆದರು. ಗಾಂಧಿ ಅದನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಮಾಡಿ ಉತ್ತರಿಸಿದರು: ತಮ್ಮ ನಂಬಿಕೆಯನ್ನು ಸಾಧಿಸಿ ತೋರಿಸಲಾರೆ, ಅದು ತಪ್ಪೆಂದಾದರೂ ನಂಬಿದವರಿಗೆ ಒಳಿತನ್ನೇ ಮಾಡಿರುತ್ತದೆ ಎಂಬ ಧಾಟಿಯಲ್ಲಿ.

ಗೌರಿಬಿದನೂರಿನ ಬಯಲಿನಲ್ಲಿ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪಮಾಪಕಗಳ ಸಾಲು ಇದೆ. ದೂರದೇಶಗಳ ನೆಲದಡಿಯ ಅಣುಪರೀಕ್ಷೆಗಳನ್ನು ಪತ್ತೆಹಚ್ಚಲೆಂದು ನೆಟ್ಟದ್ದು. ಸಾವಿರಾರು ಮೈಲಿ ಆಚೆಯ ಭೂಕಂಪದ ಅಲೆಗಳೂ ಅಲ್ಲಿ ದಾಖಲಾಗುತ್ತವೆ. ಅಲೆ ಯಾವ ದಿಕ್ಕಿನಿಂದ ಬಂತು, ಎಷ್ಟು ಬಲದ್ದು, ಎಷ್ಟು ಆಳದ್ದು ಎಂಬುದನ್ನು ಆ ದಾಖಲೆಯಿಂದ ಲೆಕ್ಕ ಹಾಕಬಹುದು. ಸತ್ತವರಲ್ಲಿ ಯಾರು ಪಾಪಿ ಎಂಬುದನ್ನು ಲೆಕ್ಕ ಹಾಕಲಾಗದು. ಅದೇ ತಾಲ್ಲೂಕಿನಲ್ಲಿ ಇನ್ನೊಂದು ಬಯಲು ತುಂಬ ಕಂಬ, ತಂತಿಗಳ ಸಾಲು: ಎಪ್ಪತ್ತರ ದಶಕದಲ್ಲಿ ಕಟ್ಟಿದ, ಸಾವಿರ ದ್ವಿಧ್ರುವ ಆಂಟೆನಾಗಳ ರೇಡಿಯೊ ದೂರದರ್ಶಕ. 34.5 ಮೆಗಾಹರ್ಟ್ಸ್‌ನಲ್ಲಿ ಅದು ಆಕಾಶಗಂಗೆಯ ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುವ ಎಲೆಕ್ಟ್ರಾನುಗಳು ಹೊಮ್ಮಿಸುವ ಅಲೆಗಳನ್ನು ಹಿಡಿದು ಆಕಾಶದ ನಕ್ಷೆ ಬರೆದಿದೆ. ದೇವರ ದನಿ ಅದರಲ್ಲಿ ಕೇಳಿಲ್ಲ. ದೇವರಿಲ್ಲ ಎಂಬ ದನಿಯೂ ಕೇಳಿಲ್ಲ. ಯಂತ್ರಕ್ಕೆ ಕೇಳಿದ ಪ್ರಶ್ನೆ ಅದಾಗಿರಲಿಲ್ಲ.

ಗಾಂಧಿಯ ಮಾತಿಗೆ ಮರಳೋಣ. ಅಸ್ಪೃಶ್ಯತೆ ದೇವರಿಗೆ ಒಪ್ಪಿಗೆಯಿಲ್ಲ ಎಂಬ ನಂಬಿಕೆ ಅವರನ್ನು ಊರೂರು ಅಲೆಸಿತು, ಬೈಗುಳ ತಿನ್ನಿಸಿತು, ಉಪವಾಸ ಕೂರಿಸಿತು. ಅಲ್ಲಿಯವರೆಗೆ ಅದರ ಬೆಲೆಯನ್ನು ತೆತ್ತವರು ಅವರೇ. ಭೂಕಂಪವೇ ಶಿಕ್ಷೆ ಎಂದ ಗಳಿಗೆಯಲ್ಲಿ ಬೆಲೆ ತೆತ್ತವರು ಗೋಡೆಯಡಿ ಸಿಕ್ಕಿ ಸತ್ತ ಮಕ್ಕಳು – ಅವರಲ್ಲಿ ದಲಿತರ ಮಕ್ಕಳೂ ಇದ್ದಿರಲೇಬೇಕು. ಮಹಾತ್ಮರ ನೇಗಿಲೂ ಒಂದು ಸಾಲು ಆಚೆ ಹಾಯಬಹುದು. ನಮ್ಮ ಕಾಲದಲ್ಲಿ ಪ್ರವಾಹ ಬಂದಾಗ, ಸಾಂಕ್ರಾಮಿಕ ಹಬ್ಬಿದಾಗ ‘ಇದು ಇಂಥವರ ಪಾಪ’ ಎಂದು ಹೇಳುವವರಿಗೆ ಗಾಂಧಿಯ ತ್ಯಾಗವೂ ಇಲ್ಲ, ಎದುರಿನವರ ಟೀಕೆಯನ್ನು ತಮ್ಮ ಪತ್ರಿಕೆಯಲ್ಲೇ ಅಚ್ಚು ಹಾಕುವ ದೊಡ್ಡ ಮನಸ್ಸೂ ಇಲ್ಲ.

ಗೌರಿಬಿದನೂರಿನ ಉತ್ತರಕ್ಕೆ ವಿದುರಾಶ್ವತ್ಥವಿದೆ. ಅರಳಿಕಟ್ಟೆಯ ಸುತ್ತ ಸಾವಿರಾರು ನಾಗರಕಲ್ಲು. ಒಂದರ ಮೈಗೆ ಒಂದು ತಾಗಿ, ಅರಿಸಿನ ಕುಂಕುಮದಲ್ಲಿ ಮಿಂದು, ಕೆಲವು ಮೂತಿ ಸವೆದು ನುಣುಪಾಗಿ ನಿಂತಿವೆ. ಬಹುತೇಕ ಕಲ್ಲಿನ ಹಿಂದೆ ಮಗು ಬೇಕೆಂಬ ಒಂದು ಬೇಡಿಕೆ ಇದೆ. ಅಲ್ಲಿ ಹಾಲೆರೆಯುವ ಹೆಣ್ಣುಮಗಳ ಮುಂದೆ ನಿಂತು ‘ನಿನ್ನ ನಂಬಿಕೆಗೆ ಪುರಾವೆ ಏನು’ ಎಂದು ಕೇಳುವುದು ವಿಚಾರವಂತಿಕೆಯಾಗಲಾರದು, ಒರಟುತನವಾದೀತು. ಬಿಗಿಹಿಡಿದ ಮನಸ್ಸಿಗೆ ಅದೊಂದು ಆಸರೆ. ಆದರೆ ಅವಳ ಜೊತೆ ಬಂದವರನ್ನು ಒಂದೆರಡು ಮಾತು ಕೇಳಬಹುದು. ಗಂಡನೂ ಡಾಕ್ಟರ ಹತ್ತಿರ ಹೋಗಿ ಬಂದನೇ? ಕಲ್ಲು ನೆಟ್ಟ ಮೇಲೂ ಮಗುವಾಗದಿದ್ದರೆ ಅವಳಲ್ಲೇ ದೋಷವೆಂದು ಮನೆಯಲ್ಲಿ ಅಂದುಕೊಳ್ಳುತ್ತಾರೆಯೇ? ಒಂದೇ ಹರಕೆ ಒಬ್ಬಳಿಗೆ ಬಲವಾಗಬಹುದು, ಇನ್ನೊಬ್ಬಳಿಗೆ ಆರೋಪವಾಗಬಹುದು. ವ್ಯತ್ಯಾಸ ಇರುವುದು ನಾಗಪ್ಪನಲ್ಲಲ್ಲ, ಸುತ್ತಲಿನ ಮನುಷ್ಯರಲ್ಲಿ.

ಇದೇ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ನಿರಾಯುಧ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ದೇವರ ಬಯಲಿನಲ್ಲೇ ಹಲವರು ಸತ್ತರು. ದೇವರು ಏಕೆ ತಡೆಯಲಿಲ್ಲ ಎಂಬ ಪ್ರಶ್ನೆಗೆ ಕರ್ಮ, ಲೀಲೆ, ಪರೀಕ್ಷೆ ಎಂದು ನಾನಾ ಉತ್ತರಗಳಿವೆ. ನನಗೆ ಯಾವುದೂ ಸಮಾಧಾನ ತಂದಿಲ್ಲ. ಸತ್ತವನ ಪೂರ್ವಜನ್ಮದ ಪಾಪವನ್ನು ಹುಡುಕುವ ಉತ್ತರವಂತೂ ಗುಂಡು ಹಾರಿಸಿದವನನ್ನು ಸದ್ದಿಲ್ಲದೆ ಪಾರು ಮಾಡುತ್ತದೆ. ‘ಗೊತ್ತಿಲ್ಲ, ಆದರೂ ನಂಬುತ್ತೇನೆ’ ಎನ್ನುವ ಆಸ್ತಿಕನಲ್ಲಿ ಅವರೆಲ್ಲರಿಗಿಂತ ಹೆಚ್ಚು ವಿವೇಕ ಕಾಣುತ್ತದೆ.

ಒತ್ತುವರಿ ಒಂದೇ ಕಡೆಯಿಂದ ಆಗುವುದಿಲ್ಲ. ಮಂಜು ಹೇಗೆ ಕಟ್ಟುತ್ತದೆ ಎಂದು ವಿವರಿಸಿದ ಮಾತ್ರಕ್ಕೆ ಎಲ್ಲವೂ ಅರ್ಥಹೀನ ಎಂದು ಸಾಧಿಸಿದಂತಾಯಿತು ಎನ್ನುವವನೂ ಕಲ್ಲು ಕಿತ್ತವನೇ. ಆಸ್ತಿಕರೆಲ್ಲ ದಡ್ಡರು, ಭಕ್ತಿಯೆಲ್ಲ ಭಯ ಎಂದು ತೀರ್ಪು ಕೊಡುವವನು ಎಷ್ಟು ಜನರನ್ನು ಮಾತಾಡಿಸಿ ನೋಡಿದ್ದಾನೆ? ಪುರಾವೆ ಕೇಳುವವನು ತನ್ನ ಮಾತಿಗೂ ಪುರಾವೆ ಇಟ್ಟುಕೊಳ್ಳಬೇಕು. ಈ ಶಿಸ್ತು ಇಲ್ಲದ ನಾಸ್ತಿಕತೆ ಇನ್ನೊಂದು ಬಗೆಯ ಕಟ್ಟುಪಾಡಾಗಿಬಿಡುತ್ತದೆ.

ನನ್ನ ಮಟ್ಟಿಗೆ ಹೇಳುವುದಾದರೆ, ಸೃಷ್ಟಿಕರ್ತನಿದ್ದಾನೆಂದು ಸಾಧಿಸುವ ವಾದಗಳು ನನ್ನನ್ನು ಒಪ್ಪಿಸಿಲ್ಲ. ಉದಯನನಿಗಿಂತ ಜಿನಸೇನನ ಮಾತು ನನಗೆ ಹತ್ತಿರ. ಆದರೂ ದೇವರನ್ನು ನಂಬುವುದೇ ಅವಿವೇಕ ಎನ್ನಲಾರೆ. ಲೆಮೈತ್ರ್ ಅವಿವೇಕಿಯಲ್ಲ, ಗಂಗಮ್ಮನಿಗೆ ಕರ್ಪೂರ ಬೆಳಗಿದ ಹೆಂಗಸೂ ಅಲ್ಲ. ಯಾವ ನಂಬಿಕೆಯ ಮುಂದೆಯೂ ಮೂರು ಪ್ರಶ್ನೆ ಇಟ್ಟು ನೋಡಬಹುದು. ಪರೀಕ್ಷೆ ಮಾಡಬಹುದಾದ ಕಡೆ ಪರೀಕ್ಷೆಗೆ ಒಪ್ಪುತ್ತದೆಯೇ? ಅದರ ನಷ್ಟವನ್ನು ತುಂಬುವವರು ಯಾರು, ನಂಬಿದವರೇ ಅಥವಾ ಬಡಪಾಯಿ ಇನ್ನೊಬ್ಬರೇ? ಎದುರಾಡುವವರನ್ನು ಮಾತಾಡಲು ಬಿಡುತ್ತದೆಯೇ? ಈ ಮೂರಕ್ಕೂ ನೇರವಾಗಿ ಉತ್ತರ ಕೊಡುವ ನಂಬಿಕೆಯ ಜೊತೆ ಒಂದೇ ಊರಿನಲ್ಲಿ ಬಾಳುವುದು ನಂಬದವರಿಗೂ ಕಷ್ಟವಲ್ಲ.

ಬಾಳುವುದಷ್ಟೇ ಅಲ್ಲ, ಕೂಡಿ ಕೆಲಸ ಮಾಡುವುದೂ ಸಾಧ್ಯ. ಮಳೆ ಕೊಡುವವನು ವರುಣನೋ ಮಾರುತಗಳೋ ಎಂಬ ವಾದ ಇನ್ನೂ ಸಾವಿರ ವರ್ಷ ನಡೆಯಲಿ. ಬಿದ್ದ ಮಳೆ ಕೆರೆಗೆ ಸೇರಬೇಕಾದರೆ ರಾಜಕಾಲುವೆಯ ಒತ್ತುವರಿ ತೆರವಾಗಬೇಕು, ಹೂಳು ಎತ್ತಬೇಕು, ಮಕ್ಕಳಿಗೆ ಫ್ಲೋರೈಡ್ ಇಲ್ಲದ ನೀರು ಸಿಗಬೇಕು. ಕೆರೆಯ ಏರಿ ಮೇಲಿನ ಗುಡಿಗೆ ಕೈಮುಗಿದು ಬಂದವರೂ, ಮುಗಿಯದೆ ಬಂದವರೂ ಹಾರೆ ಹಿಡಿಯಬಹುದು. ದೇವರ ವಿಷಯದಲ್ಲಿ ಒಮ್ಮತ ಬರುವವರೆಗೆ ಕಾಯಬೇಕಾದ ಕೆಲಸ ಇದಲ್ಲ.